ಕೊಕ್ಕೆ ಕೈಯ ಗೊಂಬೆ

ಹನ್ನೆರಡನೆಯ ಪೆಟ್ಟಿಗೆಯನ್ನು ರಿಯಾಝ್ ತಂದುಕೊಟ್ಟದ್ದು ಜೂನ್ ಮೂರನೆಯ ವಾರದಲ್ಲಿ. ಮಣ್ಣಗುಡ್ಡದ ಆ ಹಂಚಿನ ಮನೆಯ ಎದುರು ಸ್ಕೂಟರ್ ನಿಲ್ಲಿಸಿ, ರೈನ್‌ಕೋಟಿನ ಒಳಗಿಂದ ಪ್ಲಾಸ್ಟಿಕ್ ಚೀಲ ತೆಗೆದು, ಚಾವಡಿಯಲ್ಲಿ ಬಲೆ ಹರಡಿಕೊಂಡು ಕುಳಿತಿದ್ದ ಪ್ರೇಮನಾಥನನ್ನು ದಾಟಿ ಅವನು ಸೀದಾ ಅಡುಗೆಮನೆಗೆ ಹೋದ. ಪ್ರೇಮನಾಥನ ಕೈಗೆ ಕೊಟ್ಟರೆ ಚೀಲ ರಸ್ತೆಗೆ ಬೀಳುತ್ತದೆಂದು ಅವನಿಗೆ ಗೊತ್ತಿತ್ತು. ಪ್ರೇಮನಾಥನೂ ತಲೆ ಎತ್ತಲಿಲ್ಲ. ಬಲೆಯ ಹರಿದ ಕಣ್ಣಿಗೆ ನೂಲು ಹಾಕುತ್ತಲೇ ಇದ್ದ.

"ಕೂತ್ಕೊ ಮಗಾ, ಚಾ ಕುಡಿ," ಎಂದಳು ಪ್ರೇಮನಾಥನ ಹೆಂಡತಿ ದಮಯಂತಿ. "ಅವನು ಹೇಗಿದ್ದಾನೆ?"

"ಚಂದ ಇದ್ದಾನೆ ಅಮ್ಮ. ಹೊಟ್ಟೆ ಬಂದಿದೆ."

"ನಿಜ ಹೇಳು."

"ಹೊಟ್ಟೆ ಬಂದದ್ದು ಸುಳ್ಳು."

ದಮಯಂತಿ ನಗಲಿಲ್ಲ. ತಟ್ಟೆಗೆ ಎರಡು ನೀರುದೋಸೆ ಹಾಕಿ ಅವನ ಮುಂದೆ ತಳ್ಳಿದಳು. ರಿಯಾಝ್ ಕುದ್ರೋಳಿಯವನು. ಅಬುಧಾಬಿಯ ಬಂದರಿನಲ್ಲಿ ದೊಡ್ಡ ಹಡಗುಗಳನ್ನು ದಕ್ಕೆಗೆ ಎಳೆದು ತರುವ ಟಗ್ ಬೋಟುಗಳಲ್ಲಿ ಅವನಿಗೆ ಕೆಲಸ. ಅದೇ ಕಂಪೆನಿಯ ಇನ್ನೊಂದು ಟಗ್‌ನಲ್ಲಿ ದಮಯಂತಿಯ ಮಗ ಕಮಲೇಶ್ ಇದ್ದಾನೆ. ಅವನು ಮನೆ ಬಿಟ್ಟು ಮೂರು ವರ್ಷ ಆಯಿತು. ಅಲ್ಲಿಂದ ರಜೆಗೆ ಬರುವ ಪ್ರತಿಯೊಬ್ಬನ ಕೈಯಲ್ಲೂ ತಂಗಿಗೆ ಒಂದು ಪೆಟ್ಟಿಗೆ ಕಳಿಸುತ್ತಾನೆ, ತಾನು ಮಾತ್ರ ಬರುವುದಿಲ್ಲ.

"ಜುಲೈ ಕೊನೆಗೆ ಅವನ ಕಾಂಟ್ರಾಕ್ಟ್ ಮುಗೀತದೆ," ಎಂದ ರಿಯಾಝ್, ಚಾವಡಿಯ ಕಡೆ ನೋಡಿ ದನಿ ತಗ್ಗಿಸಿ. "ಮೂವತ್ತೊಂದಕ್ಕೆ ಸೈನ್ ಹಾಕ್ಬೇಕು. ಹಾಕಿದ್ರೆ ಇನ್ನೆರಡು ವರ್ಷ. ಹಾಕದಿದ್ರೆ ಟಿಕೆಟ್ ಕೊಟ್ಟು ಊರಿಗೆ ಕಳಿಸ್ತಾರೆ. ಇಲ್ಲಿ ಪಣಂಬೂರಿನ ಬಂದರಿನಲ್ಲೂ ಟಗ್ ಉಂಟಲ್ಲ, ಅನುಭವ ಇದ್ದವರಿಗೆ ಕೆಲಸ ಸಿಗ್ತದೆ."

"ಅವನು ಎಂತ ಹೇಳ್ತಾನೆ?"

"ಕರೆಯುವವರು ಕರೆದ್ರೆ ಬರ್ತೇನೆ ಅಂತ."

"ನಾನು ಪ್ರತಿ ವಾರ ಫೋನಿನಲ್ಲಿ ಕರೀತೇನಲ್ಲ ಮಾರಾಯ!"

"ನೀವಲ್ಲ ಅಮ್ಮ," ಎಂದ ರಿಯಾಝ್. ದೋಸೆ ಮುಗಿಸಿ, ಹೋಗುವಾಗಲೂ ಚಾವಡಿಯಲ್ಲಿ ಮಾತಾಡದೆ ಹೋದ.

ಕಮಲೇಶನ ತಂಗಿ ದೀಕ್ಷಿತಾ ಅತ್ತಾವರದ ಒಂದು ಆಸ್ಪತ್ರೆಯ ಬಿಲ್ಲಿಂಗ್ ಕೌಂಟರಿನಲ್ಲಿದ್ದಾಳೆ. ಇಪ್ಪತ್ತೈದು ವರ್ಷ. ಸಂಜೆ ಏಳಕ್ಕೆ ಮನೆಗೆ ಬಂದವಳು ಕೊಡೆ ಮಡಚುವ ಮೊದಲೇ ಪೆಟ್ಟಿಗೆಯನ್ನು ಎತ್ತಿಕೊಂಡು ಕಿವಿಯ ಹತ್ತಿರ ಹಿಡಿದು ಅಲುಗಾಡಿಸಿದಳು.

"ತೆಗಿ ಮಾರಾಯ್ತಿ," ಎಂದಳು ದಮಯಂತಿ. "ಒಂದನ್ನಾದ್ರೂ ತೆಗೆದು ತೋರಿಸು."

"ಆಗುದಿಲ್ಲ. ಅಣ್ಣ ಬಂದ ಮೇಲೆ."

ಪೆಟ್ಟಿಗೆ ಅಂಗೈಗಿಂತ ಸ್ವಲ್ಪ ದೊಡ್ಡದು. ಒಳಗಿರುವುದು ಭಯಾನಕ ಸಿನಿಮಾಗಳಲ್ಲಿ ಕೊಲ್ಲುವವರ ಗೊಂಬೆ. ಕೊಲ್ಲುವವರಾದರೂ ನೋಡಿದರೆ ಮುದ್ದು ಬರುವಂಥವರು. ಕುಂಬಳಕಾಯಿಯಂಥ ತಲೆ, ಗುಂಡಿಯಂಥ ಕಪ್ಪು ಕಣ್ಣು, ಬೆಂಕಿಕಡ್ಡಿಯಷ್ಟು ಉದ್ದದ ಕತ್ತಿ. ಒಂದು ಸರಣಿಯಲ್ಲಿ ಹತ್ತು ಮಂದಿ. ಹಲ್ಲು ಕೀಳುವ ಡಾಕ್ಟರ್, ಸೂಜಿ ಹಿಡಿದ ಮದುಮಗಳು, ಗರಗಸದ ಬಡಗಿ, ದೀಪಸ್ತಂಭದ ಕಾವಲುಗಾರ. ಕಾವಲುಗಾರನಿಗೆ ಒಂದು ಕೈಯ ಜಾಗದಲ್ಲಿ ಕೊಕ್ಕೆ. ಪೆಟ್ಟಿಗೆಗೆ ಕಿಟಕಿ ಇಲ್ಲ. ಒಳಗೆ ಈ ಹತ್ತರಲ್ಲಿ ಯಾರಿದ್ದಾರೆಂದು ಕೊಂಡವನಿಗೂ ಗೊತ್ತಿಲ್ಲ, ಮಾರಿದವನಿಗೂ ಗೊತ್ತಿಲ್ಲ. ಅದೇ ಅದರ ಹುಚ್ಚು. ಆಸ್ಪತ್ರೆಯ ಲ್ಯಾಬಿನ ಬಾಸಿಲ್‌ಗೂ ಇದೇ ಹುಚ್ಚು. ಊಟದ ಬಿಡುವಿನಲ್ಲಿ ಇಬ್ಬರೂ ಮೊಬೈಲಿನಲ್ಲಿ ಹೊಸ ಸರಣಿಗಳ ಚಿತ್ರ ನೋಡುತ್ತಾರೆ. "ತೆರೆದ ಪೆಟ್ಟಿಗೆ ಅಂದ್ರೆ ತಲೆ ಕಡಿದ ಮೀನು, ಮತ್ತೆ ಬೆಲೆ ಇಲ್ಲ," ಎನ್ನುತ್ತಾನೆ ಬಾಸಿಲ್.

ಅಣ್ಣ ತಂಗಿ ಚಿಕ್ಕಂದಿನಿಂದ ಒಟ್ಟಿಗೆ ಇಂಥ ಸಿನಿಮಾ ನೋಡಿದವರು. ಹೊರಡುವ ದಿನ ಬಜ್ಪೆ ಏರ್‌ಪೋರ್ಟಿನ ಬಾಗಿಲಲ್ಲಿ ಕಮಲೇಶ್ ಹೇಳಿದ್ದ, "ನಾನು ಕಳಿಸ್ತಾ ಇರ್ತೇನೆ. ನೀನು ತೆರೆಯಬೇಡ. ಬಂದ ದಿನ ಇಬ್ಬರೂ ಕೂತು ಎಲ್ಲ ಒಟ್ಟಿಗೆ ತೆರೆಯುವ." ಹಾಗಾಗಿ ದೀಕ್ಷಿತಾಳ ಕೋಣೆಯ ಕಪಾಟಿನ ಮೇಲೆ ಹನ್ನೊಂದು ಪೆಟ್ಟಿಗೆಗಳು ಬಾಯಿ ಮುಚ್ಚಿಕೊಂಡು ಕುಳಿತಿದ್ದವು. ಈಗ ಹನ್ನೆರಡು.

ರಾತ್ರಿ ಕುಚ್ಚಲಕ್ಕಿ ಗಂಜಿ, ಹುರುಳಿ ಸಾರು, ಸುಟ್ಟ ಒಣಮೀನು. ಮೂವರೂ ಊಟಕ್ಕೆ ಕುಳಿತಾಗ ಪ್ರೇಮನಾಥ ಬಾಯಿ ತೆರೆದ.

"ಪುನಃ ಬಂತಾ ಪ್ರೇತ?"

"ಪ್ರೇತ ಅಲ್ಲ ಅಪ್ಪ, ಗೊಂಬೆ."

"ಮೂವತ್ತು ವರ್ಷದ ಕತ್ತೆ. ಅವನ ಪ್ರಾಯದಲ್ಲಿ ನಾನು ಬೋಟು ನಡೆಸುವ ತಂಡೇಲ. ಇಪ್ಪತ್ತು ಮಾರು ನೀರಿನಲ್ಲಿ ಬಲೆ ಬಿಡ್ತಿದ್ದೆ. ಇವನು ಗೊಂಬೆ ಕಳಿಸ್ತಾನೆ."

"ನೀವು ಒಂದು ಫೋನ್ ಮಾಡಿ, ಗೊಂಬೆ ಬರುದು ನಿಲ್ತದೆ," ಎಂದಳು ದಮಯಂತಿ. "ಮೂವತ್ತೊಂದರ ಒಳಗೆ ಮಾಡಿ."

"ನಾನು ಯಾಕೆ ಮಾಡ್ಬೇಕು? ಬಿಟ್ಟು ಹೋದವನು ಅವನು."

"ಹೊಡೆದದ್ದು ಯಾರು?"

ಪ್ರೇಮನಾಥ ಗಂಜಿಯ ಬಟ್ಟಲನ್ನು ನೆಲಕ್ಕೆ ಕುಟ್ಟಿ ಎದ್ದು ಹೋದ. ಸಾರು ಚೆಲ್ಲಿತು. ದಮಯಂತಿ ಒರಸಲಿಲ್ಲ, ಬೆಳಗ್ಗೆ ಅವನೇ ನೋಡಲಿ ಎಂದು ಬಿಟ್ಟಳು.

ಹೊಡೆದದ್ದು ಮೂರು ವರ್ಷದ ಹಿಂದೆ, ಸಮುದ್ರದ ಮಧ್ಯೆ. ಆಗ ಬೋಟು ಪ್ರೇಮನಾಥನದೇ. ಕಮಲೇಶ್ ತನ್ನ ಮೊದಲ ಗೊಂಬೆಯನ್ನು, ಆ ಕೊಕ್ಕೆ ಕೈಯ ಕಾವಲುಗಾರನನ್ನು, ಸ್ಟಿಯರಿಂಗಿನ ಎದುರು ದೇವರ ಪಟದ ಪಕ್ಕದಲ್ಲಿ ಅಂಟಿಸಿದ್ದ. ಆರು ದಿನದ ಆ ಪ್ರಯಾಣದಲ್ಲಿ ಬಲೆ ಎರಡು ಸಲ ಕಲ್ಲಿಗೆ ಸಿಕ್ಕಿ ಹರಿಯಿತು. ಬುಟ್ಟಿಗೆ ಬಿದ್ದದ್ದು ಜೆಲ್ಲಿ ಮೀನು ಮಾತ್ರ. ಕೊನೆಯ ದಿನ ಪ್ರೇಮನಾಥನ ತಲೆ ಕೆಟ್ಟಿತು. ಇದೇ ಅಪಶಕುನವೆಂದು ಗೊಂಬೆಯನ್ನು ಕಿತ್ತು ನೀರಿಗೆ ಎಸೆದ. "ಯಾಕೆ ಎಸೆದ್ರಿ?" ಎಂದು ಮಗ ಕೇಳಿದ. ಬೋಟಿನ ಕೆಲಸದ ಎಂಟು ಮಂದಿ ಕಲಾಸಿಗಳು ನೋಡುತ್ತಿದ್ದಂತೆ ಇಪ್ಪತ್ತೇಳು ವರ್ಷದ ಮಗನ ಕೆನ್ನೆಗೆ ಬಾರಿಸಿದ. ಆ ಕಲಾಸಿಗಳಲ್ಲಿ ಒಬ್ಬನಾದರೂ ನಗದಿದ್ದರೆ ಕಮಲೇಶ್ ಸಹಿಸುತ್ತಿದ್ದನೋ ಏನೋ. ಎಲ್ಲರೂ ನಕ್ಕರು. ಎರಡು ತಿಂಗಳಲ್ಲಿ ಅವನು ವಿಮಾನ ಹತ್ತಿದ. ಒಂದು ವರ್ಷ ಕಳೆಯುವುದರೊಳಗೆ ಪ್ರೇಮನಾಥ ಬೋಟು ಮಾರಿದ. ಈಗ ಬೇರೆಯವರ ಬಲೆ ರಿಪೇರಿ ಮಾಡುತ್ತಾನೆ. ಹಠಕ್ಕೆ ಮಾತ್ರ ಒಂದು ಕಣ್ಣೂ ಹರಿದಿಲ್ಲ.

ಜುಲೈಯಲ್ಲಿ ಮಳೆ ಕುತ್ತಿಗೆ ಹಿಡಿಯಿತು. ಬೋಟುಗಳನ್ನೆಲ್ಲ ದಕ್ಕೆಯಲ್ಲಿ ಕಟ್ಟಿಹಾಕಿದ್ದರು. ಉರ್ವ ಮಾರ್ಕೆಟಿನಲ್ಲಿ ಹಸಿಮೀನು ಮಾರುವ ದಮಯಂತಿ ಬೋಟುಗಳು ಕಡಲಿಗಿಳಿಯದ ಈ ಎರಡು ತಿಂಗಳು ಒಣಮೀನು ಮಾರುತ್ತಾಳೆ. ಒಣಮೀನಿಗೆ ಆಟಿ ತಿಂಗಳ ಮಳೆಯೇ ಶತ್ರು. ಬಾಯಿ ಕಟ್ಟಿದ ಗೋಣಿ ಎಂಟು ದಿನ ಹಾಗೇ ಇದ್ದರೆ ಒಳಗೆ ಬಿಳಿ ಪಾಚಿ ಬರುತ್ತದೆ, ಹುಳ ಆಗುತ್ತದೆ. ಅದಕ್ಕೆ ಅವಳು ವಾರಕ್ಕೊಮ್ಮೆ ಎಲ್ಲ ಗೋಣಿ ಬಿಚ್ಚಿ, ಬಚ್ಚಲಿನ ಒಲೆಯ ಮೇಲೆ ತೂಗುಹಾಕಿದ ಬಿದಿರಿನ ತಟ್ಟಿಯಲ್ಲಿ ಸಿಗಡಿ, ನಂಗು ಮೀನು ಹರಡಿ ಬೆಚ್ಚಗೆ ಮಾಡುತ್ತಾಳೆ. ಸುತ್ತಲಿನ ಫ್ಲಾಟುಗಳವರು ಹೊಗೆಗೂ ವಾಸನೆಗೂ ಬೈಯುತ್ತಾರೆ. ಅವಳು ತಿರುಗಿ ಬೈಯುತ್ತಾಳೆ. ತಾಯಿಯಿಂದ ಕಲಿತ ಕೆಲಸ, ಇದುವರೆಗೆ ಒಂದು ಹಿಡಿ ಸಿಗಡಿ ಹಾಳಾದದ್ದಿಲ್ಲ.

ಒಂದು ಮಂಗಳವಾರ ಮಗಳ ಕೋಣೆ ಗುಡಿಸುವಾಗ ಹಂಚಿನಿಂದ ನೀರು ಸೋರಿ ಕಪಾಟಿನ ಮೇಲೆ ಬಿದ್ದಿರುವುದು ಕಂಡಿತು. ಸ್ಟೂಲ್ ಹತ್ತಿ ನೋಡಿದಳು. ಕೆಳಗಿನ ನಾಲ್ಕು ಪೆಟ್ಟಿಗೆಗಳ ಮೂಲೆ ಮೆತ್ತಗಾಗಿ ಬಿಳಿ ಪಾಚಿ ಹಿಡಿದಿತ್ತು.

"ಅಯ್ಯೋ ದೇವೆರೇ," ಎಂದಳು.

ದೀಕ್ಷಿತಾಳಿಗೆ ಫೋನ್ ಮಾಡಬಹುದಿತ್ತು. ಮಾಡಲಿಲ್ಲ. ಹನ್ನೆರಡೂ ಪೆಟ್ಟಿಗೆಗಳನ್ನು ಸೆರಗಿನಲ್ಲಿ ತುಂಬಿಕೊಂಡು ಕೆಳಗೆ ತಂದಳು. ಒದ್ದೆಯಾದದ್ದು ನಾಲ್ಕೇ, ಆದರೆ ಕೈ ಹಾಕಿದ್ದು ಹನ್ನೆರಡಕ್ಕೂ. ಮೀನು ಕತ್ತಿಯಿಂದ ರಟ್ಟು ಸೀಳಿ, ಒಳಗಿನ ಬೆಳ್ಳಿ ಬಣ್ಣದ ಪೊಟ್ಟಣ ಹರಿದು, ಒಂದೊಂದನ್ನೇ ಹೊರಗೆ ತೆಗೆದು ನೆಲದ ಮೇಲೆ ನಿಲ್ಲಿಸಿದಳು. ಹಲ್ಲಿನ ಡಾಕ್ಟರನೇ ಮೂರು ಸಲ ಬಂದ. ಮದುಮಗಳ ಸೂಜಿ ಮುಟ್ಟಿ ನೋಡಿದಳು. ಬಡಗಿಯ ಕೆನ್ನೆ ಹಿಂಡಿದಳು. ಗೊಂಬೆಗಳ ಮೇಲೆ ತಣ್ಣನೆಯ ಪಸೆ ಇದ್ದ ಹಾಗೆ ಅವಳ ಬೆರಳಿಗೆ ಅನಿಸಿತು. ಬಟ್ಟೆಯಲ್ಲಿ ಒರಸಿದಳು. ಆಮೇಲೆ ಕೈ ತನ್ನ ಅಭ್ಯಾಸದಂತೆ ಹೋಯಿತು. ಒಲೆಗೆ ನಾಲ್ಕು ತೆಂಗಿನ ಸಿಪ್ಪೆ ತಳ್ಳಿ, ತಟ್ಟಿಯ ಮೇಲಿನ ಸಿಗಡಿಯನ್ನು ಒಂದು ಬದಿಗೆ ಸರಿಸಿ, ಹನ್ನೆರಡು ಕೊಲೆಗಾರರನ್ನು ಸಾಲಾಗಿ ಮಲಗಿಸಿದಳು. ಸೀಳಿದ ರಟ್ಟನ್ನೆಲ್ಲ ಒಲೆಗೇ ಹಾಕಿದಳು.

ಮಧ್ಯಾಹ್ನ ಮಾರ್ಕೆಟಿಗೆ ಹೋಗಿ ಸಂಜೆ ಬಂದಳು. ಅವಳ ಹಿಂದೆಯೇ ದೀಕ್ಷಿತಾ ಬಂದಳು, ಕೈಕಾಲು ತೊಳೆಯಲು ಬಚ್ಚಲಿಗೆ ಹೋದಳು.

ಗೊಂಬೆಗಳು ಬಿಸಿಗೆ ಮೆತ್ತಗಾಗಿದ್ದವು. ದೊಡ್ಡ ತಲೆಗಳು ಒಂದೊಂದು ದಿಕ್ಕಿಗೆ ವಾಲಿದ್ದವು. ಒಬ್ಬನ ಕೈ ಬುಡದಿಂದ ಕಳಚಿ ಸಿಗಡಿಯ ಮಧ್ಯೆ ಬಿದ್ದಿತ್ತು. ಎಲ್ಲದಕ್ಕೂ ಹೊಗೆಯ ಬಣ್ಣ, ಒಣಮೀನಿನ ವಾಸನೆ.

"ಅಮ್ಮಾ!"

ಆ ಕೂಗಿಗೆ ಪ್ರೇಮನಾಥನೂ ಚಾವಡಿಯಿಂದ ಎದ್ದು ಬಂದ.

"ಪಾಚಿ ಬಂದಿತ್ತು ಮಗಾ," ಎಂದಳು ದಮಯಂತಿ. "ಬೆಚ್ಚಗೆ ಮಾಡಿದೆ. ಹಾಗೇ ಬಿಟ್ರೆ ಕೊಳೀತಿತ್ತು."

"ಇದು ಮೀನಾ ಅಮ್ಮ? ಕೊಳೀಲಿಕ್ಕೆ ಇದು ಮೀನಾ?"

"ನನಗೆಂತ ಗೊತ್ತು? ಪೆಟ್ಟಿಗೆ ಬಾಯಿ ಮುಚ್ಚಿ ಇಟ್ರೆ ಯಾವುದೂ ಒಳ್ಳೇದಿರುದಿಲ್ಲ."

"ಹನ್ನೆರಡನ್ನೂ ತೆರೆದಿ! ಹನ್ನೆರಡಕ್ಕೂ ಪಾಚಿ ಬಂದಿತ್ತಾ?"

ದಮಯಂತಿ ಬಾಗಿಲಿಗೆ ಒರಗಿ ನಿಂತಳು. ಮಾರ್ಕೆಟಿನಲ್ಲಿ ಯಾರಿಗೂ ಸೋಲದ ಅವಳ ಬಾಯಿ ಒಮ್ಮೆಗೇ ಬಿಚ್ಚಿತು.

"ಇಲ್ಲ, ಬರ್ಲಿಲ್ಲ. ನಾಲ್ಕಕ್ಕೆ ಬಂದಿತ್ತು. ಉಳಿದದ್ದು ನಾನು ನೋಡ್ಲಿಕ್ಕೆ ತೆರೆದೆ. ಮೂರು ವರ್ಷದಿಂದ ನನ್ನ ಮಗ ಕಳಿಸಿದ ಹನ್ನೆರಡು ಪೆಟ್ಟಿಗೆ ಈ ಮನೆಯಲ್ಲಿ ಉಂಟು. ಒಳಗೆ ಎಂತ ಉಂಟು ಅಂತ ನೋಡ್ಲಿಕ್ಕೆ ಹೆತ್ತವಳಿಗೆ ಅಧಿಕಾರ ಇಲ್ವಾ? ನಿನಗೆ ಗೊಂಬೆ ಕಳಿಸಿದ, ನನಗೆ ಎಂತ ಕಳಿಸಿದ? ಫೋನಿನಲ್ಲಿ ಊಟ ಆಯ್ತಾ ಕೇಳ್ತಾನೆ. ಅವನ ಕೈ ತಾಗಿದ್ದು ಒಂದು ನನ್ನ ಕೈಗೆ ತಾಗ್ಲಿ ಅಂತ ತೆರೆದೆ. ಹೊಡಿ ಬೇಕಾದ್ರೆ."

"ಅವನೂ ಮುಟ್ಟಿದ್ದಲ್ಲ ಅದನ್ನು! ಪೆಟ್ಟಿಗೆ ಮಾತ್ರ ಮುಟ್ಟಿದ್ದು ಅವನು! ಅದನ್ನು ನೀನು ಸುಟ್ಟಿ!"

ದಮಯಂತಿ ಒಲೆಯ ಕಡೆ ನೋಡಿದಳು. ಬೂದಿ ಇನ್ನೂ ಬೆಚ್ಚಗಿತ್ತು. ಅವಳು ಅಲ್ಲೇ ಕುಕ್ಕರಿಸಿದಳು.

"ಬಿಡು ಮಾರಾಯ್ತಿ, ಗೊಂಬೆ ತಾನೆ," ಎಂದ ಪ್ರೇಮನಾಥ.

ದೀಕ್ಷಿತಾ ತಿರುಗಿದಳು. "ನೀವು ಮಾತಾಡ್ಬೇಡಿ ಅಪ್ಪ. ಈ ಸರಣಿಯದ್ದೇ ಅಣ್ಣ ಯಾಕೆ ತೆಗೀತಾನೆ ಗೊತ್ತುಂಟಾ? ನೀವು ನೀರಿಗೆ ಎಸೆದವನು ಪುನಃ ಸಿಗ್ಲಿ ಅಂತ. ಅವನನ್ನು ಬೋಟಿನಲ್ಲಿ ಯಾಕೆ ಅಂಟಿಸಿದ್ದ ಗೊತ್ತುಂಟಾ? ಅಣ್ಣನಿಗೆ ಕಡಲು ಅಂದ್ರೆ ಹೆದರಿಕೆ."

"ಎಂತ ಮಾತು ಅದು! ಮೊಗವೀರನ ಮಗನಿಗೆ ಕಡಲಿನ ಹೆದರಿಕೆಯಾ?"

"ಹೌದು. ದಡ ಕಾಣದಿದ್ರೆ ಅವನ ಕೈಕಾಲು ತಣ್ಣಗಾಗ್ತಿತ್ತು. ಸಿನಿಮಾದಲ್ಲಿ ಹೆದರಿಸಿದ್ದನ್ನು ಹೀಗೆ ಸಣ್ಣ ಮಾಡಿ ಎದುರಿಗೆ ಇಟ್ಕೊಂಡ್ರೆ ಹೆದರಿಕೆಯೂ ಸಣ್ಣ ಆಗ್ತದೆ ಅಂತ ಇಟ್ಟಿದ್ದ. ಈಗ ಟಗ್‌ನಲ್ಲಿ ಇರುದೂ ಅದಕ್ಕೇ. ಅಲ್ಲಿ ಯಾವಾಗಲೂ ದಡ ಕಾಣ್ತದೆ."

"ನನ್ನ ಹತ್ತಿರ ಯಾಕೆ ಹೇಳ್ಲಿಲ್ಲ?"

"ಕಡಲಿಗಿಂತ ನಿಮ್ಮ ಹೆದರಿಕೆ ಜಾಸ್ತಿ."

ಪ್ರೇಮನಾಥ ಕೈ ಎತ್ತಿದ. ಎತ್ತಿದ ಕೈಯನ್ನು ತಾನೇ ನೋಡಿದ. ಆಮೇಲೆ ಇಳಿಸಿ ಚಾವಡಿಗೆ ಹೋದ.

ಒಂಬತ್ತು ದಿನ ದೀಕ್ಷಿತಾ ತಾಯಿಯ ಹತ್ತಿರ ಮಾತಾಡಲಿಲ್ಲ. ಬೆಳಿಗ್ಗೆ ಆಸ್ಪತ್ರೆಯ ಕ್ಯಾಂಟೀನಿನಲ್ಲಿ ತಿಂದಳು, ರಾತ್ರಿ ಬಡಿಸಿದ್ದನ್ನು ತಲೆ ತಗ್ಗಿಸಿ ತಿಂದು ಎದ್ದಳು. ದಮಯಂತಿ ಪತ್ರೊಡೆ ಮಾಡಿದಳು, ಹಲಸಿನ ಬೀಜ ಹಾಕಿ ತಜಂಕು ಸೊಪ್ಪಿನ ಪಲ್ಯ ಮಾಡಿದಳು. ಎರಡೂ ಮಗಳಿಗೆ ಜೀವ. ಮಗಳು ಇನ್ನೊಂದು ಸೌಟು ಕೇಳಲಿಲ್ಲ. ಭಾನುವಾರ ಕಮಲೇಶನ ಫೋನ್ ಬಂದಾಗ ಯಾರೂ ಗೊಂಬೆಯ ಸುದ್ದಿ ಎತ್ತಲಿಲ್ಲ.

ಅಂದೇ ದೀಕ್ಷಿತಾ ಗೊಂಬೆಗಳನ್ನು ಬಕೆಟಿನಲ್ಲಿ ಹಾಕಿ ಶಾಂಪೂ ಹಚ್ಚಿ ತೊಳೆದಳು. ಒಂದು ಸಲಕ್ಕೆ ವಾಸನೆ ಹೋಗಲಿಲ್ಲ. ಮೂರು ಸಲ ತೊಳೆದಳು. ಎಣಿಸಿದರೆ ಹನ್ನೊಂದೇ ಇದ್ದವು. ಕೈ ಕಳಚಿದವನು ಇರಲಿಲ್ಲ. ಬಚ್ಚಲಿನಲ್ಲಿ ಹುಡುಕಿದಳು, ಸೌದೆಯ ಕೊಟ್ಟಿಗೆಯಲ್ಲಿ ಹುಡುಕಿದಳು. ತಾಯಿಯನ್ನು ಕೇಳಬೇಕಾಗುತ್ತದೆ ಎಂದು ಬಿಟ್ಟುಬಿಟ್ಟಳು.

ಆಟಿ ಅಮಾವಾಸ್ಯೆಯ ದಿನ ಬೆಳಕು ಹರಿಯುವ ಮೊದಲೇ ಪ್ರೇಮನಾಥ ಎಲ್ಲಿಂದಲೋ ಪಾಲೆ ಮರದ ತೊಗಟೆ ಕೆತ್ತಿ ತಂದ. ದಮಯಂತಿ ಜಜ್ಜಿ, ಓಮ ಬೆಳ್ಳುಳ್ಳಿ ಒಗ್ಗರಣೆ ಹಾಕಿ ಕಷಾಯ ಮಾಡಿದಳು. ವರ್ಷಕ್ಕೊಮ್ಮೆ ಖಾಲಿ ಹೊಟ್ಟೆಗೆ ಆ ಕಹಿ ಕುಡಿಯಲೇಬೇಕು. ದೀಕ್ಷಿತಾ ತನ್ನ ಲೋಟ ತೆಗೆದುಕೊಳ್ಳಲು ಚಾವಡಿಗೆ ಬಂದಾಗ ಅಪ್ಪ ಬೆನ್ನು ತಿರುಗಿಸಿ ಕುಳಿತಿದ್ದ. ಮಡಿಲಲ್ಲಿ ಬಲೆ ಇರಲಿಲ್ಲ.

ಅವನ ಎಡಗೈಯಲ್ಲಿ ದೀಪಸ್ತಂಭದ ಕಾವಲುಗಾರ ಇದ್ದ. ಕಳಚಿ ಬಿದ್ದದ್ದು ಆ ಕೊಕ್ಕೆಯ ಕೈಯೇ. ಬಿಸಿ ಮಾಡಿದ ದಬ್ಬಣದಿಂದ ಭುಜದಲ್ಲಿ ಎರಡು ತೂತು, ಕೈಯ ಬುಡದಲ್ಲಿ ಎರಡು ತೂತು ಮಾಡಿ, ನೀಲಿ ನೈಲಾನ್ ನೂಲು ಹಾಕಿ ಬಿಗಿಯುತ್ತಿದ್ದ. ಬಲೆಯ ಕಣ್ಣಿಗೆ ಹಾಕುವ ಗಂಟು ಅದು. ಬೆರಳು ದಪ್ಪ, ಗೊಂಬೆ ಸಣ್ಣ. ಹಾಕುವುದು, ಮನಸ್ಸಿಗೆ ಬಾರದೆ ಬಿಚ್ಚುವುದು, ಪುನಃ ಹಾಕುವುದು.

"ಅಪ್ಪ, ಅದು ಅವನೇ."

"ಗೊತ್ತುಂಟು."

"ಹೇಗೆ ಗೊತ್ತು? ನೀವು ಒಂದು ಸಲ ನೋಡಿದ್ದಲ್ವಾ?"

"ಒಂದು ಸಲ ಕೈಯಲ್ಲಿ ಹಿಡಿದದ್ದು. ಸಾಕು." ಅವನು ನೂಲಿನ ತುದಿಯನ್ನು ಹಲ್ಲಿನಿಂದ ಕಡಿದ. "ಈ ಬಕೆಟ್ ಕಾರ್ಖಾನೆಯವರ ಕೆಲಸ ಎಂತದ್ದೂ ಪ್ರಯೋಜನ ಇಲ್ಲ. ಇಷ್ಟು ದೊಡ್ಡ ಕೊಕ್ಕೆ ಇಟ್ಟವರು ಎಳೆದ್ರೆ ನಿಲ್ಲುವ ಹಾಗೆ ಇಡುದಲ್ವಾ."

"ಬಕೆಟ್ ಕಾರ್ಖಾನೆ ಅಲ್ಲ ಅಪ್ಪ."

"ಯಾವುದಾದ್ರೂ ಒಂದು."

ದಮಯಂತಿ ಕಷಾಯದ ಲೋಟ ಹಿಡಿದು ಹಿಂದೆ ನಿಂತಿದ್ದಳು. ದೀಕ್ಷಿತಾ ಅವಳ ಕೈಯಿಂದ ಲೋಟ ತೆಗೆದುಕೊಂಡು ಒಂದೇ ಗುಟುಕಿಗೆ ಕುಡಿದು ಮುಖ ಕಿವುಚಿದಳು. "ಬೆಲ್ಲ ಕೊಡಮ್ಮ," ಎಂದಳು. ಒಂಬತ್ತು ದಿನದ ಮೇಲೆ ಆಡಿದ ಮೊದಲ ಮಾತು ಅದು. ದಮಯಂತಿ ಬೆಲ್ಲದ ಡಬ್ಬವನ್ನೇ ತಂದಿಟ್ಟಳು.

"ರಿಯಾಝ್ ಯಾವಾಗ ಹೋಗುದು?" ಎಂದು ಪ್ರೇಮನಾಥ ಕೇಳಿದ.

"ಇಪ್ಪತ್ತೊಂಬತ್ತಕ್ಕೆ."

"ಅವನ ಕೈಯಲ್ಲಿ ಇದನ್ನು ಕಳಿಸುವ."

"ಇದನ್ನು ಕಳಿಸುದೆಂತ? ಈಗಲೇ ಫೋನ್ ಮಾಡಿ ಹೇಳಿ," ಎಂದಳು ದಮಯಂತಿ. ಸೊಂಟದಿಂದ ಮೊಬೈಲ್ ತೆಗೆದಳು. "ಒತ್ತಿ ಕೊಡ್ತೇನೆ. 'ಬಾ' ಅನ್ನಿ. ಒಂದಕ್ಷರ."

"ಫೋನಿನಲ್ಲಿ ನನಗೆ ಬರುದಿಲ್ಲ. ಗಂಟು ನೋಡಿದ್ರೆ ಅವನಿಗೆ ಗೊತ್ತಾಗ್ತದೆ, ಯಾರ ಕೈಯದ್ದು ಅಂತ."

"ಹಾಗಾದ್ರೆ ನಾನು ಹೇಳ್ತೇನೆ, ನಿನ್ನ ಅಪ್ಪ ಗೊಂಬೆ ಹೊಲೀತಿದ್ದಾರೆ ಅಂತ."

"ಬೇಡಮ್ಮ!" ಎಂದಳು ದೀಕ್ಷಿತಾ. ಅವಳ ಕಣ್ಣು ಮೂರು ವರ್ಷದಲ್ಲಿ ಹಾಗೆ ಹೊಳೆದದ್ದಿಲ್ಲ. "ಹೇಳ್ಬೇಡ. ಪೆಟ್ಟಿಗೆಯಲ್ಲಿ ಹಾಕಿ, ಬಾಯಿ ಅಂಟಿಸಿ ಕಳಿಸುವ. ಅವನು ಕಳಿಸಿದ ಹಾಗೆಯೇ. ತೆರೆಯುವ ತನಕ ಅವನಿಗೆ ಗೊತ್ತಾಗ್ಬಾರ್ದು. ತೆರೆದು ನೋಡುವಾಗ ಅವನ ಮುಖ ಹೇಗಿರ್ತದೆ ಎಣಿಸಿ ನೋಡು ಅಮ್ಮ. ಇಪ್ಪತ್ತೊಂಬತ್ತಕ್ಕೆ ರಿಯಾಝ್ ಇಳಿದ್ರೆ ಮೂವತ್ತಕ್ಕೆ ಅಣ್ಣನ ಕೈಯಲ್ಲಿ. ಮೂವತ್ತೊಂದಕ್ಕೆ ಮೊದಲೇ ಆಯ್ತಲ್ಲ."

"ಒಂದು ದಿನದ ಮೇಲೆ ಜೀವ ಇಡ್ತೀರಾ?" ಎಂದಳು ದಮಯಂತಿ.

"ನನ್ನ ಮೇಲೆ ಆಣೆ. ಹೇಳ್ಬಾರ್ದು."

ದಮಯಂತಿಗೆ ಒಪ್ಪಿಗೆ ಇರಲಿಲ್ಲ. ಬಾಯಿ ಮುಚ್ಚಿದ ಪೆಟ್ಟಿಗೆಯ ವ್ಯಾಪಾರ ಅವಳಿಗೆ ಯಾವತ್ತೂ ಆಗಿಬರದು. ದಕ್ಕೆಯಲ್ಲಿ ಏಲಕ್ಕೆ ನಿಂತಾಗ ಮೇಲಿನ ಮಂಜುಗಡ್ಡೆ ಕೆದಕಿ ತಳದ ಮೀನಿನ ಕಿವಿರು ನೋಡದೆ ಅವಳು ಕೈ ಎತ್ತಿದವಳಲ್ಲ. ಆದರೆ ಮಗಳ ಹನ್ನೆರಡು ಪೆಟ್ಟಿಗೆ ಸುಟ್ಟವಳು ತಾನು. ಆಣೆಗೆ ತಲೆ ಆಡಿಸಿದಳು.

ದೀಕ್ಷಿತಾ ಆಸ್ಪತ್ರೆಯಿಂದ ಔಷಧದ ಒಂದು ರಟ್ಟಿನ ಪೆಟ್ಟಿಗೆ ತಂದು, ಬಣ್ಣದ ಕಾಗದ ಸುತ್ತಿ, ಮೇಲೆ ಹದಿಮೂರು ಎಂದು ಬರೆದಳು. ಗೊಂಬೆಯನ್ನು ತೊಳೆಯಲು ಕೊಂಡುಹೋದಾಗ ಅಪ್ಪ ಬಿಡಲಿಲ್ಲ. "ನೂಲು ನೆನೆದ್ರೆ ಗಂಟು ಸಡಿಲ ಆಗ್ತದೆ. ಹಾಗೇ ಇರ್ಲಿ." ದಮಯಂತಿ ಒಂದು ಬಾಟಲಿ ಸಿಗಡಿ ಚಟ್ನಿಯನ್ನೂ ಸೇರಿಸಿದಳು. ಇಪ್ಪತ್ತೆಂಟರಂದು ರಿಯಾಝ್ ಬಂದು ಎರಡನ್ನೂ ತೆಗೆದುಕೊಂಡ.

"ಎಂತ ಉಂಟು ಇದರಲ್ಲಿ?"

"ಎಂತದ್ದೂ ಕೇಳ್ಬೇಡಿ. ಸೀದಾ ಅವನ ಕೈಗೆ," ಎಂದಳು ದೀಕ್ಷಿತಾ.

ಈ ಸಲ ರಿಯಾಝ್ ಹೋಗುವಾಗ ಪ್ರೇಮನಾಥ ಬಲೆಯಿಂದ ತಲೆ ಎತ್ತಿದ. "ಜಾಗ್ರತೆ," ಎಂದ. ಪ್ರಯಾಣಕ್ಕೋ ಪೆಟ್ಟಿಗೆಗೋ ಎಂದು ರಿಯಾಝ್‌ಗೆ ತಿಳಿಯಲಿಲ್ಲ. "ಆಯ್ತು ಪ್ರೇಮಣ್ಣ," ಎಂದು ಸ್ಕೂಟರ್ ಹತ್ತಿದ.

ಮೂವತ್ತು ಕಳೆಯಿತು, ಫೋನ್ ಬರಲಿಲ್ಲ. ಮೂವತ್ತೊಂದರ ಮಧ್ಯಾಹ್ನ ದೀಕ್ಷಿತಾ ಕೌಂಟರಿನಿಂದಲೇ ರಿಯಾಝ್‌ಗೆ ಮೆಸೇಜ್ ಹಾಕಿದಳು. ಸಂಜೆ ಉತ್ತರ ಬಂತು. ಇಳಿದ ತಕ್ಷಣ ತನ್ನನ್ನು ಬೇರೆ ಟಗ್‌ಗೆ ಹಾಕಿ ರುವೈಸ್ ಬಂದರಿಗೆ ಕಳಿಸಿದ್ದಾರೆ, ಕಮಲೇಶನನ್ನು ನೋಡುವುದು ಇನ್ನು ಎರಡು ದಿನ ಕಳೆದು. ಅವಳು ಕೂಡಲೇ ಅಣ್ಣನಿಗೆ ಫೋನ್ ಮಾಡಿದಳು. ಅವನು ಡ್ಯೂಟಿಯಲ್ಲಿದ್ದ, ಎತ್ತಲಿಲ್ಲ. ಮನೆಗೆ ಬಂದು ಈ ಸುದ್ದಿ ಹೇಳಿದಾಗ ದಮಯಂತಿ ಅಕ್ಕಿ ತೊಳೆಯುತ್ತಲೇ ಇದ್ದಳು. ಅವಳು ಬೈದಿದ್ದರೆ ಒಳ್ಳೆಯದಿತ್ತು.

ಆಗಸ್ಟ್ ಎರಡರ ರಾತ್ರಿ ಊಟದ ಹೊತ್ತಿಗೆ ಫೋನ್ ಬಂತು. ದಮಯಂತಿಯ ಮೊಬೈಲಿಗಲ್ಲ, ಪ್ರೇಮನಾಥನ ಹಳೆಯ ಬಟನ್ ಫೋನಿಗೆ. ಮೂರು ವರ್ಷದಲ್ಲಿ ಆ ಸಂಖ್ಯೆಯಿಂದ ಅದಕ್ಕೆ ಕರೆ ಬಂದದ್ದಿಲ್ಲ. ಅವನು ಗಂಜಿಯ ಕೈಯಲ್ಲೇ ಅದನ್ನು ನೋಡುತ್ತಾ ಕುಳಿತ.

"ಎತ್ತಿ ಅಪ್ಪ."

ಅವನು ಎಡಗೈಯಿಂದ ಒತ್ತಿ ಕಿವಿಗೆ ಹಿಡಿದ. ಹಳೆಯ ಫೋನಿನ ದನಿ ದೊಡ್ಡದು, ಮೂವರಿಗೂ ಕೇಳುತ್ತಿತ್ತು.

"ಯಾರು?" ಗೊತ್ತಿದ್ದೇ ಕೇಳಿದ.

"ನಾನು."

"ಹೂಂ."

"ಯಾವ ನೂಲು ಅದು?"

"ಹದಿನೆಂಟು ನಂಬರಿನದ್ದು."

"ಅಷ್ಟು ಸಣ್ಣ ಕೈಗೆ ಅಷ್ಟು ದಪ್ಪ ನೂಲಾ?"

"ಸಪೂರದ್ದು ಉಪ್ಪುಗಾಳಿಗೆ ನಿಲ್ಲುದಿಲ್ಲ."

ಆ ಕಡೆ ಇಂಜಿನಿನ ಸದ್ದು ಕೇಳುತ್ತಿತ್ತು.

"ಅದರಲ್ಲಿ ನಮ್ಮ ಬಚ್ಚಲಿನ ವಾಸನೆ ಉಂಟು ಅಪ್ಪ," ಎಂದ ಕಮಲೇಶ್. "ಒಲೆಯದ್ದು, ಸಿಗಡಿಯದ್ದು. ಪೆಟ್ಟಿಗೆ ತೆರೆದ ತಕ್ಷಣ ಬಂತು. ಕ್ಯಾಬಿನಿನವರು ಎಂತ ನಾತ ಅಂತ ಬೈದ್ರು. ನಾನು ಪುನಃ ಪೆಟ್ಟಿಗೆಯಲ್ಲಿ ಹಾಕಿ ಮುಚ್ಚಿದೆ. ವಾಸನೆ ಹೋಗ್ಬಾರ್ದು ಅಂತ."

ದಮಯಂತಿ ಸೌಟನ್ನು ಹಾಗೇ ಹಿಡಿದಿದ್ದಳು.

"ಯಾವಾಗ ಬರ್ತಿ?"



"ಮೊನ್ನೆ ಸೈನ್ ಹಾಕಿದೆ ಅಪ್ಪ. ನಾಲ್ಕು ಗಂಟೆ ತನಕ ಕೂತೆ ಆಫೀಸಿನಲ್ಲಿ. ಫೋನ್ ಕೈಯಲ್ಲೇ ಇಟ್ಕೊಂಡಿದ್ದೆ. ಕೊನೆಗೆ ಅವರು ಬಾಗಿಲು ಹಾಕ್ತೇವೆ ಅಂದ್ರು."

"ಎಷ್ಟು ವರ್ಷ?"

"ಎರಡು. ಮಧ್ಯದಲ್ಲಿ ಒಂದು ರಜೆ ಉಂಟು. ಬರುವ ಆಟಿಗೆ."

"ಬರುವ ಆಟಿಗೆ," ಎಂದ ಪ್ರೇಮನಾಥ. ಫೋನನ್ನು ಹೆಂಡತಿಯ ಕೈಗೆ ಕೊಟ್ಟು, ಕೈ ತೊಳೆಯದೆಯೇ ಚಾವಡಿಗೆ ಹೋಗಿ ಕುಳಿತ.

ದಮಯಂತಿ ಮಾತಾಡಿ ಮುಗಿಸಿದ ಮೇಲೆ ದೀಕ್ಷಿತಾ ಗೋಡೆಗೆ ಮುಖ ಮಾಡಿ ಅಳುತ್ತಿದ್ದಳು.

"ನಾನು ಹೇಳ್ಬೇಡ ಅಂದದ್ದು. ನನ್ನದೇ ತಪ್ಪು ಅಮ್ಮ."

"ನಿನ್ನದೂ ಹೌದು, ನಿನ್ನ ಅಪ್ಪನದ್ದೂ ಹೌದು. ಆಣೆ ಹಾಕಿದ್ರೂ ನಾನು ಹೇಳ್ಬೇಕಿತ್ತು, ನನ್ನದೂ ಹೌದು," ಎಂದಳು ದಮಯಂತಿ. "ಊಟ ಮಾಡು. ಗಂಜಿ ತಣ್ಣಗಾಯ್ತು."

ಆ ರಾತ್ರಿ ದೀಕ್ಷಿತಾ ಕಪಾಟಿನಿಂದ ಹಲ್ಲಿನ ಡಾಕ್ಟರನನ್ನು ಇಳಿಸಿ ಮೂಗಿನ ಹತ್ತಿರ ಹಿಡಿದಳು. ಶಾಂಪೂವಿನ ವಾಸನೆ ಮಾತ್ರ ಇತ್ತು. ಮದುಮಗಳನ್ನು ಹಿಡಿದಳು, ಬಡಗಿಯನ್ನು ಹಿಡಿದಳು. ಮೂರು ಸಲ ತೊಳೆದವಳು ತಾನೇ.

ಸೆಪ್ಟೆಂಬರಿನಲ್ಲಿ ಊರಿಗೆ ಬಂದ ಇನ್ನೊಬ್ಬನ ಕೈಯಲ್ಲಿ ಮತ್ತೊಂದು ಪೆಟ್ಟಿಗೆ ಬಂತು. ಅದನ್ನು ದೀಕ್ಷಿತಾ ತಾಯಿಯ ಕೈಗೆ ಕೊಟ್ಟಳು. ದಮಯಂತಿ ಬಾಗಿಲಲ್ಲಿ ನಿಂತೇ ಮೀನು ಕತ್ತಿಯಿಂದ ಸೀಳಿದಳು. ನಾಲ್ಕನೆಯ ಹಲ್ಲಿನ ಡಾಕ್ಟರ್. "ಈ ದರಿದ್ರದವನಿಗೆ ಬೇರೆ ಮನೆ ಇಲ್ವಾ!" ಎಂದು ಬೈದು, ಖಾಲಿ ರಟ್ಟನ್ನು ಮಡಚಿ ತನ್ನ ಸೀರೆಗಳ ಅಡಿಯಲ್ಲಿ ಇಟ್ಟುಕೊಂಡಳು.

ಈಗ ಭಾನುವಾರ ಸಂಜೆ ಫೋನ್ ಮಾಡುವವನು ಪ್ರೇಮನಾಥ. ಬಲೆಯ ಕೆಲಸ ಬದಿಗಿಟ್ಟು, ಕಾಲು ತೊಳೆದು, ಒಳಗೆ ಬಂದು ಕುಳಿತು ತಾನೇ ಒತ್ತುತ್ತಾನೆ. ಹೆಚ್ಚು ಮಾತು ಇನ್ನೂ ಬರುವುದಿಲ್ಲ.

"ಗಂಟು ಜಾರಿತಾ?"

"ಇಲ್ಲ. ಗಟ್ಟಿ ಉಂಟು."

"ದಡ ಕಾಣ್ತದಾ?"

"ಕಾಣ್ತದೆ ಅಪ್ಪ."

"ಸರಿ," ಎಂದು ಅವನು ಫೋನನ್ನು ದಮಯಂತಿಗೆ ಕೊಡುತ್ತಾನೆ. ಕೊಟ್ಟ ಮೇಲೂ ಎದ್ದು ಹೋಗುವುದಿಲ್ಲ. ಆ ಕಡೆಯ ದನಿ ನಿಲ್ಲುವ ತನಕ ಅಲ್ಲೇ ಕುಳಿತಿರುತ್ತಾನೆ.